ಉಪ್ಪುನೀರಿನಲ್ಲಿ ಮೂರು ಸೀಸನ್: ಕಡಲ ಬಂಡೆಗಳ ಮೇಲೆ ಒಂದು ಕಾರ್ಬನ್ ಟ್ರೈಪಾಡ್

ವಸ್ತು ಇದು: ಕಾರ್ಬನ್ ಫೈಬರ್ ಕಾಲಿನ ಟ್ರೈಪಾಡ್, ಕಾಲೊಂದಕ್ಕೆ ಒಂದರೊಳಗೊಂದು ಜಾರುವ ನಾಲ್ಕು ಕೊಳವೆ, ತಿರುಗಿಸಿ ಬಿಗಿಯುವ ಟ್ವಿಸ್ಟ್ ಲಾಕ್, ಮೇಲಿನ ಕೊಳವೆ 28 ಎಂಎಂ ದಪ್ಪ. ಕ್ಯಾಮೆರಾ ಕೂರಿಸಿ ತಿರುಗಿಸುವ ಬಾಲ್ ಹೆಡ್ ಸೇರಿ ತೂಕ ಎರಡು ಕೆಜಿಯ ಒಳಗೆ, ಬೆಲೆ ಇಪ್ಪತ್ತು ಸಾವಿರದ ಆಸುಪಾಸು. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಈ ಬೆಲೆಯಲ್ಲಿ ಸಿಗುವ ಬಹುತೇಕ ಟ್ರೈಪಾಡ್‌ಗಳು ಬಿಚ್ಚಿ ನೋಡಿದರೆ ಒಳಗೆ ಒಂದೇ ಥರ. ಬಳಕೆ ಅಕ್ಟೋಬರಿನಿಂದ ಮೇವರೆಗೆ, ಮೂರು ಸೀಸನ್. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಕಾಪು, ಸೋಮೇಶ್ವರ, ಗೋಕರ್ಣ. ಅಂಕ ಕೊಡುವುದಾದರೆ ಬಂಡೆಯ ಮೇಲೆ ಹತ್ತಕ್ಕೆ ಎಂಟು, ಮರಳಿನಲ್ಲಿ ನಾಲ್ಕು.

ಎಂಟು ಸಿಕ್ಕಿದ್ದು ಸೇಂಟ್ ಮೇರೀಸ್‌ನಲ್ಲಿ. ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಅಲ್ಲಿ ತಣಿಯುತ್ತಾ ಕುಗ್ಗಿ, ಸೀಳಿ, ಐದಾರು ಮುಖದ ಕಂಬಗಳಾಗಿ ನಿಂತಿದೆ. ಕಂಬಗಳ ತಲೆ ಒಂದೇ ಎತ್ತರದಲ್ಲಿಲ್ಲ, ಅರ್ಧಕ್ಕೆ ಬಿಟ್ಟ ಮೆಟ್ಟಿಲಿನ ಹಾಗೆ. ಮೂರು ಕಾಲನ್ನು ಮೂರು ಕಂಬದ ಮೇಲೆ ಊರಬೇಕಾಗುತ್ತದೆ. ಈ ಟ್ರೈಪಾಡಿನ ಒಂದೊಂದು ಕಾಲನ್ನೂ ಬೇರೆ ಬೇರೆ ಕೋನಕ್ಕೆ ಅಗಲಿಸಬಹುದು, ಮೂರು ಹಂತದಲ್ಲಿ ನಿಲ್ಲುತ್ತದೆ. ಒಂದು ಕಾಲು ಕಡಲ ಕಡೆಗೆ ಇಳಿಜಾರಿನಲ್ಲಿ ಉದ್ದಕ್ಕೆ, ಉಳಿದೆರಡು ಹಿಂದಿನ ಎತ್ತರದ ಕಂಬಗಳ ಮೇಲೆ ಗಿಡ್ಡಕ್ಕೆ ಅಗಲವಾಗಿ: ಹೀಗಿಟ್ಟರೆ ಗಾಳಿಗೂ ಜಗ್ಗುವುದಿಲ್ಲ. ಕಾಲುಗಳ ನಡುವೆ ಅಡ್ಡಪಟ್ಟಿ ಇರುವ ಅಗ್ಗದ ಟ್ರೈಪಾಡಿನಲ್ಲಿ ಇದು ಸಾಧ್ಯವೇ ಇಲ್ಲ. ಬಂಡೆಗೆಂದು ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ, ಎತ್ತರವನ್ನಲ್ಲ.

ಒಣ ಬಂಡೆಯ ಮೇಲೆ ದಪ್ಪ ಕೊಳವೆಗಳನ್ನು ಮೊದಲು ಎಳೆಯಿರಿ, ತೀರಾ ಕೆಳಗಿನ ತೆಳ್ಳನೆಯದನ್ನು ಕೊನೆಗೆ. ನೀರಿಗಿಳಿಸುವಾಗ ಮಾತ್ರ ಇದು ಉಲ್ಟಾ. ಕೆಳಗಿನ ಕೊಳವೆಯನ್ನು ಮೊದಲೇ ಪೂರ್ತಿ ಎಳೆದುಬಿಡಬೇಕು. ಆಗ ಕೆಳಗಿನ ಲಾಕ್ ಅಲೆಗಿಂತ ಮೇಲೆ ಉಳಿಯುತ್ತದೆ, ಉಪ್ಪು ಒಳಗೆ ಹೋಗುವುದಿಲ್ಲ. ಸ್ವಲ್ಪ ನಡುಕ ಜಾಸ್ತಿಯಾಗುತ್ತದೆ ನಿಜ. ಅಲೆ ಕಾಲಿಗೆ ಬಡಿದ ಮೇಲೆ ಒಂದೆರಡು ಸೆಕೆಂಡ್ ತಡೆದು, ರಿಮೋಟಿನಲ್ಲಿ ಅಥವಾ 2 ಸೆಕೆಂಡಿನ ಟೈಮರಿನಲ್ಲಿ ಒತ್ತಿದರೆ ಸಾಕು. ಲೆನ್ಸಿನ ಸ್ಟೆಬಿಲೈಸರ್ (ಕೈನಡುಕ ಸರಿಪಡಿಸುವ ವ್ಯವಸ್ಥೆ) ಆಫ್ ಮಾಡಿರಬೇಕು.

ದ್ವೀಪದಲ್ಲಿ ಬೆಳಕಿನ ಕಷ್ಟ ಬೇರೆ. ಬೋಟುಗಳು ಬೆಳಿಗ್ಗೆ ತಡವಾಗಿ ಹೊರಟು ಸಂಜೆ ಬೇಗ ಮುಗಿಯುತ್ತವೆ, ಮಳೆಗಾಲದಲ್ಲಿ ಪೂರ್ತಿ ಬಂದ್. ಹಾಗಾಗಿ ಸೂರ್ಯೋದಯ, ಸೂರ್ಯಾಸ್ತ ಎರಡೂ ಲೆಕ್ಕಕ್ಕಿಲ್ಲ. ಕೈಗೆ ಸಿಗುವುದು ಸುಡು ಬಿಸಿಲು. ಲೆನ್ಸಿನ ಕಿಂಡಿ ಎಫ್/11, ಬೆಳಕಿನ ಸಂವೇದನೆ ಐಎಸ್‌ಒ 100 ಇಟ್ಟರೆ ಶಟರ್ 1/200 ಸೆಕೆಂಡಿನ ಹತ್ತಿರ ಬರುತ್ತದೆ. 6 ಸ್ಟಾಪ್ ಎನ್‌ಡಿ (ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್; ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ) ಹಾಕಿದರೆ ಬೆಳಕು 64ನೇ ಒಂದು ಭಾಗಕ್ಕೆ ಇಳಿದು ಶಟರ್ 1/3 ಸೆಕೆಂಡ್ ಆಗುತ್ತದೆ. ಮೇಲೊಂದು ಪೋಲರೈಸರ್ ಫಿಲ್ಟರ್ ಕೂಡಿಸಿದರೆ ಹೆಚ್ಚುಕಡಿಮೆ 1 ಸೆಕೆಂಡ್. ಕಪ್ಪು ಕಂಬಗಳ ನಡುವಿನಿಂದ ನೊರೆ ಹಿಂದಕ್ಕೆ ಸೋರುವ ಗೆರೆಗಳು ಕಾಣಲು ಇದೇ ಹದ. 10 ಸ್ಟಾಪ್ ಹಾಕಿದರೆ 5 ಸೆಕೆಂಡ್, ಗೆರೆಯೆಲ್ಲ ಕರಗಿ ಹಾಲು ಚೆಲ್ಲಿದ ಹಾಗಾಗುತ್ತದೆ. ಕೆಲವರಿಗೆ ಅದೇ ಇಷ್ಟ. ಕಂಬಗಳ ಚೂಪು ಅಂಚು ಎದ್ದು ಕಾಣಬೇಕಾದ ಜಾಗದಲ್ಲಿ ಅದು ದಂಡ. ಪೋಲರೈಸರ್ ಒದ್ದೆ ಕಲ್ಲಿನ ಬಿಳಿ ಹೊಳಪನ್ನು ಕಡಿಮೆ ಮಾಡುತ್ತದೆ, ಆದರೆ 24 ಎಂಎಂಗಿಂತ ಅಗಲ ನೋಟ ಹಿಡಿಯುವ ಲೆನ್ಸಿನಲ್ಲಿ ಆಕಾಶ ಒಂದು ಕಡೆ ಗಾಢ, ಇನ್ನೊಂದು ಕಡೆ ಪೇಲವ.

ಬಂಡೆಯಲ್ಲಿ ಆನೆಯೋ ಆಮೆಯೋ ಮುದುಕನ ಮುಖವೋ ಕಾಣುವುದು ಕ್ಯಾಮೆರಾದ ಎತ್ತರದ ಮೇಲೆ ನಿಂತಿದೆ. ಕಣ್ಣಿನ ಎತ್ತರದಿಂದ ನೋಡಿದರೆ ಮುಂದಿನ ಕಲ್ಲಿನ ತಲೆ ಹಿಂದಿನ ಕಪ್ಪು ಕಲ್ಲಿನೊಳಗೆ ಬೆರೆತು ಆಕಾರ ಸತ್ತುಹೋಗುತ್ತದೆ. ಮೊಣಕಾಲಿನ ಮಟ್ಟಕ್ಕೆ ಇಳಿಸಿದರೆ ಅದೇ ತಲೆ ದಿಗಂತ ದಾಟಿ ಆಕಾಶಕ್ಕೆ ಏರುತ್ತದೆ, ಮೂಗು, ಗಲ್ಲ ಬಿಡಿಬಿಡಿಯಾಗಿ ಕಾಣುತ್ತವೆ. ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದ ಬಂಡೆಗಳಿಗೂ, ಸೋಮೇಶ್ವರದ ರುದ್ರಪಾದೆ ಬಂಡೆಗೂ ಸಂಜೆ ಇದೇ ಉಪಾಯ. ಇಲ್ಲಿ ಈ ಟ್ರೈಪಾಡಿನ ಸೆಂಟರ್ ಕಾಲಮ್ (ಎತ್ತರಕ್ಕೆಂದು ನಡುವೆ ಇರುವ ಕೊಳವೆ) ಕಿರಿಕಿರಿ. ಅದಿರುವಷ್ಟು ಹೊತ್ತು ಕ್ಯಾಮೆರಾ ಒಂದೂವರೆ ಅಡಿಗಿಂತ ಕೆಳಗೆ ಬರುವುದಿಲ್ಲ. ಅಲನ್ ಕೀಯಿಂದ ಅದನ್ನು ಬಿಚ್ಚಿ ಬಾಲ್ ಹೆಡ್ಡನ್ನು ನೇರ ಕೂರಿಸಿ, ಮರಳಿ ಹಾಕಲೇಬೇಡಿ. ಕಳೆದುಕೊಳ್ಳುವುದು ಎತ್ತರ ಮಾತ್ರ, ಅದು ಬಂಡೆಗಳ ನಡುವೆ ಬೇಕೂ ಇಲ್ಲ.

ಕಾಲಿನ ತುದಿಯ ರಬ್ಬರ್ ಒಣ ಬಂಡೆಗೆ ಚೆನ್ನಾಗಿ ಕಚ್ಚುತ್ತದೆ, ಪಾಚಿಯ ಮೇಲೆ ಸೋಪಿನ ಮೇಲಿಟ್ಟ ಹಾಗೆ ಜಾರುತ್ತದೆ. ಜೊತೆಗೆ ಕೊಟ್ಟ ಉಕ್ಕಿನ ಮೊಳೆಗಳನ್ನು ತಿರುಗಿಸಿ ಕೂರಿಸಿದರೆ ಪಾಚಿ ದಾಟಿ ಕಲ್ಲಿಗೆ ತಾಗುತ್ತದೆ. ಗೋಕರ್ಣದ ಗುಡ್ಡದಂಚಿನ ಮುರಕಲ್ಲಿನಲ್ಲಿ ಮಾತ್ರ ಮೊಳೆ ಕಲ್ಲನ್ನೇ ಪುಡಿ ಮಾಡಿಕೊಂಡು ಕೆಳಗಿಳಿಯುತ್ತದೆ. ಅಲ್ಲಿಗೆ ರಬ್ಬರೇ ಸರಿ.

ಮರಳಿಗೆ ನಾಲ್ಕೇ ಅಂಕ ಏಕೆಂದರೆ, ಅಲೆ ಹಿಂದೆ ಸರಿಯುವಾಗ ಕಾಲಿನ ಸುತ್ತಲ ಮರಳನ್ನು ಕೊರೆದೊಯ್ಯುತ್ತದೆ. 20 ಸೆಕೆಂಡಿನ ಒಂದು ಎಕ್ಸ್‌ಪೋಷರಿನಲ್ಲಿ ಕಾಲು ಕೂದಲೆಳೆಯಷ್ಟು ಇಳಿದರೂ ಬಂಡೆ ಎರಡೆರಡಾಗಿ ಕಾಣುತ್ತದೆ. ಗೇಣುದ್ದ ಒತ್ತಿ ಹೂತರೆ ಅಲುಗುವುದಿಲ್ಲ, ಆದರೆ ಆಗ ಕೆಳಗಿನ ಲಾಕ್ ಮರಳಿನ ಹತ್ತಿರ ಬರುತ್ತದೆ. ಒಂದು ಕಣ ಒಳಹೊಕ್ಕರೂ ಲಾಕ್ ತಿರುಗಿಸುವಾಗ ಕರಕರ ಎನ್ನುತ್ತದೆ.

ಇನ್ನು ದೊಡ್ಡ ತಕರಾರು. ಕಾರ್ಬನ್‌ಗೆ ತುಕ್ಕಿಲ್ಲ ಎಂಬ ಜಾಹೀರಾತು ಅರ್ಧ ನಿಜ. ಲಾಕಿನ ತಿರುಪಿನ ಎಳೆಗಳು, ಮೂರು ಕಾಲು ಸೇರುವ ಮೇಲಿನ ಕವಲು ಅಲ್ಯೂಮಿನಿಯಂ, ಸ್ಕ್ರೂಗಳು ಉಕ್ಕು. ಕಾರ್ಬನ್, ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿರುವಲ್ಲಿ ಉಪ್ಪುನೀರು ನಿಂತರೆ ಬ್ಯಾಟರಿಯ ಹಾಗೆ ಕೆಲಸ ಶುರುವಾಗಿ ಅಲ್ಯೂಮಿನಿಯಂ ಸವೆಯುತ್ತದೆ. ಎರಡನೇ ಸೀಸನ್ ಮುಗಿಯುವ ಹೊತ್ತಿಗೆ ಕೆಳಗಿನ ಲಾಕಿನ ಬಳೆಯ ಅಂಚಿನಲ್ಲಿ ಸುಣ್ಣದಂಥ ಬಿಳಿ ಪುಡಿ ಬಂದಿದ್ದು ಅದರಿಂದಲೇ.

ತೊಳೆಯುವ ಕ್ರಮ ಹೀಗೆ. ಕಡಲಿನಿಂದ ಬಂದ ದಿನವೇ, ಉಪ್ಪು ಒಣಗುವ ಮೊದಲು, ಲಾಕ್‌ಗಳನ್ನು ಮುಚ್ಚಿಟ್ಟುಕೊಂಡೇ ಹೊರಗೆಲ್ಲ ಸಿಹಿನೀರು ಸುರಿಯಿರಿ. ಆಮೇಲೆ ಬಳೆಯನ್ನು ಪೂರ್ತಿ ತಿರುಗಿಸಿ ಕೊಳವೆ ಹೊರಗೆಳೆಯಿರಿ. ತುದಿಯಲ್ಲಿ ಎರಡು ಪ್ಲಾಸ್ಟಿಕ್ ಚಿಪ್ಪುಗಳಿವೆ, ಒಳಮೈಯಲ್ಲಿ ಸಣ್ಣ ಗುಬುಟು. ಅದು ಕೊಳವೆಯ ತೂತಿಗೆ ಕೂರುತ್ತದೆ. ಯಾವುದು ಯಾವ ಕಾಲಿನದೆಂದು ಬೇರೆ ಬೇರೆ ಇಡಿ, ಸಿಂಕಿನ ಹತ್ತಿರ ಬಿಚ್ಚಬೇಡಿ. ಎಳೆಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್, ತೆಳು ಸೋಪುನೀರಿನಿಂದ ತಿಕ್ಕಿ, ನೆರಳಿನಲ್ಲಿ ರಾತ್ರಿಯಿಡೀ ಒಣಗಿಸಿ. ಎಳೆಗೆ ಮಾತ್ರ ಅವರೆಕಾಳಿಗಿಂತ ಕಮ್ಮಿ ಗ್ರೀಸ್. ಚಿಪ್ಪಿಗೆ ತಾಗಿದರೆ ಲಾಕ್ ಬಿಗಿಯಾಗದೆ ಕಾಲು ಕುಸಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವ ಚಟ ಬೇಡ, ಇದ್ದ ಗ್ರೀಸನ್ನೂ ಅದು ತೊಳೆದು ಹಾಕುತ್ತದೆ. ಬಾಲ್ ಹೆಡ್ಡಿಗೆ ನೀರು ಸುರಿಯುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಚಿಪ್ಪುಗಳಲ್ಲಿ ಎರಡು ಸವೆದು ಬದಲಾಯಿಸಬೇಕಾಯಿತು. ಬಿಡಿಭಾಗ ತರಿಸಲು ಒಂದು ತಿಂಗಳು ಹಿಡಿಯಿತು, ಕೊಳ್ಳುವಾಗಲೇ ಒಂದು ಜೊತೆ ಹೆಚ್ಚಿಗೆ ಕೇಳಿಟ್ಟುಕೊಳ್ಳುವುದು ಜಾಣತನ.

ಕೆಳಗಿನ ಕೊಕ್ಕೆಗೆ ಬ್ಯಾಗ್ ತೂಗುಹಾಕುವ ಸಲಹೆ ಕಡಲಗಾಳಿಗೆ ನಡೆಯುವುದಿಲ್ಲ. ಬ್ಯಾಗ್ ಲೋಲಕದ ಹಾಗೆ ತೂಗಿ ಟ್ರೈಪಾಡನ್ನೇ ಅಲ್ಲಾಡಿಸುತ್ತದೆ. ಬ್ಯಾಗಿನ ತಳ ಬಂಡೆಗೆ ತಾಗುವಷ್ಟು ಇಳಿಬಿಟ್ಟರೆ ಮಾತ್ರ ಪ್ರಯೋಜನ. ಮಳೆಗಾಲಕ್ಕೆ ಎತ್ತಿಡುವಾಗ ಲಾಕ್‌ಗಳನ್ನು ಅರ್ಧ ಸುತ್ತು ಸಡಿಲಿಸಿಡಿ. ಬಿಗಿದಿಟ್ಟರೆ ಅಕ್ಟೋಬರಿನಲ್ಲಿ ಇಕ್ಕಳ ಹಿಡಿದರೂ ಬರುವುದಿಲ್ಲ.