ವೀಕ್ ಹಾರ್ಟ್‌ಗೆ ಬೈಪಾಸ್: ಪಂಪ್ ಇಟ್ಟೋ, ಇಲ್ದೆನೋ?

ಇಎಫ್ (ಒಂದೊಂದು ಬಡಿತಕ್ಕೆ ಹಾರ್ಟ್ ಹೊರಗೆ ತಳ್ಳೋ ರಕ್ತದ ಶೇಕಡಾ ಲೆಕ್ಕ) 35ಕ್ಕಿಂತ ಕಮ್ಮಿ ಇರೋರಿಗೆ ಬೈಪಾಸ್ ಅಂದ ತಕ್ಷಣ ಮನೆಯವ್ರು ಕೇಳೋದು ಒಂದೇ, 'ಹಾರ್ಟ್ ನಿಲ್ಲಿಸ್ದೆ ಮಾಡೋದು ಇದ್ಯಂತಲ್ಲ ಡಾಕ್ಟ್ರೇ, ಅದನ್ನೇ ಮಾಡ್ಬಿಡಿ' ಅಂತ. ಕೇಳೋಕೇನೋ ಚೆನ್ನಾಗಿದೆ, ಆದ್ರೆ ನನ್ನ ಓಟು ಕಣ್ಮುಚ್ಕೊಂಡು ಅದಕ್ಕೆ ಬೀಳಲ್ಲ.

ಆ ಆಫ್ ಪಂಪ್‌ನಲ್ಲಿ, ಅಂದ್ರೆ ಹಾರ್ಟ್-ಲಂಗ್ ಮೆಷಿನ್ (ಹಾರ್ಟ್, ಶ್ವಾಸಕೋಶದ ಕೆಲಸ ಮಾಡೋ ಪಂಪ್) ಇಲ್ದೆ ಮಾಡೋದ್ರಲ್ಲಿ, ಹಾರ್ಟ್ ಬಡೀತಾನೇ ಇರತ್ತೆ, ಹೊಲಿಯೋ ಜಾಗ ಮಾತ್ರ ಸ್ಟೆಬಿಲೈಜರ್ ಒತ್ತಿ ಹಿಡ್ಕೊಂಡಿರತ್ತೆ. ರಕ್ತ ಕೊಡೋ ಪ್ರಸಂಗ ಕಮ್ಮಿ, ಮಹಾಧಮನಿಯಲ್ಲಿ ಕ್ಯಾಲ್ಸಿಯಂ ಗಟ್ಟಿಯಾಗಿರೋರಿಗೆ ಕ್ಲ್ಯಾಂಪ್ (ಮಹಾಧಮನಿಯನ್ನ ಒತ್ತಿ ಮುಚ್ಚೋ ಚಿಮಟ) ತಪ್ಪತ್ತೆ, ಅದೆಲ್ಲ ಒಪ್ಪೋಣ. ಸಮಸ್ಯೆ ಇರೋದು ಹಿಂಭಾಗದ ರಕ್ತನಾಳಕ್ಕೆ ಹೋಗೋವಾಗ, ಹಾರ್ಟನ್ನ ಎತ್ತಿ ತಿರುಗಿಸ್ಬೇಕು, ಮೊದಲೇ ಊದ್ಕೊಂಡು ಸೋತಿರೋ ಹಾರ್ಟ್ ಅದನ್ನ ತಡಿಯಲ್ಲ, ಬಿಪಿ ದಢಕ್ಕಂತ ಇಳಿಯತ್ತೆ, ಆಗ ಗಡಿಬಿಡಿಯಲ್ಲಿ ಮೆಷಿನ್‌ಗೆ ಹಾಕ್ಬೇಕಾಗಿ ಬರತ್ತೆ ನೋಡಿ, ಎಲ್ಲಕ್ಕಿಂತ ಡೇಂಜರ್ ಅದೇ. 2009ರ ರೂಬಿ ಟ್ರಯಲ್‌ನಲ್ಲಿ ಒಂದು ವರ್ಷ ಆದ್ಮೇಲೆ ನೋಡಿದ್ರೆ ಮೆಷಿನ್ ಹಾಕಿದವ್ರಿಗಿಂತ ಆಫ್ ಪಂಪ್‌ನವ್ರ ಗ್ರಾಫ್ಟ್‌ಗಳೇ (ಬೈಪಾಸ್‌ಗೆ ಜೋಡಿಸಿದ ರಕ್ತನಾಳಗಳು) ಜಾಸ್ತಿ ಮುಚ್ಕೊಂಡಿದ್ವು. 2012ರ ಕರೋನರಿ ಟ್ರಯಲ್, 4,752 ಜನ, ಅದ್ರಲ್ಲಿ 30 ದಿನಕ್ಕೆ ಸಾವು, ಸ್ಟ್ರೋಕ್ ಎಲ್ಲ ಸೇರಿಸಿ ನೋಡಿದ್ರೂ ಮೆಷಿನ್ ಇಟ್ಟವ್ರಿಗೂ ಇಡದವ್ರಿಗೂ ದೊಡ್ಡ ವ್ಯತ್ಯಾಸ ಇಲ್ಲ. ಆದ್ರೆ ಇವೆರಡೂ ವೀಕ್ ಹಾರ್ಟ್‌ನವ್ರಿಗೇ ಅಂತ ಮಾಡಿದ್ದಲ್ಲ.

ಹಳೇ ಆನ್ ಪಂಪ್, ಅಂದ್ರೆ ಮೆಷಿನ್ ಹಾಕಿ ಹಾರ್ಟ್ ನಿಲ್ಲಿಸಿ ಮಾಡೋದು, ಎಲ್ರಿಗೂ ಗೊತ್ತಿರೋದೇ. ಕ್ಲ್ಯಾಂಪ್, ಪೊಟ್ಯಾಸಿಯಂ ಇರೋ ಕಾರ್ಡಿಯೋಪ್ಲೀಜಿಯಾ (ಹಾರ್ಟ್ ನಿಲ್ಲಿಸೋ ದ್ರವ), ಹಾರ್ಟ್ ಸ್ತಬ್ಧ, ಹೊಲಿಗೆ ನೀಟು. ಆದ್ರೆ ಕ್ಲ್ಯಾಂಪ್ ಇರೋವಷ್ಟು ಹೊತ್ತೂ ಸುಸ್ತಾಗಿರೋ ಮಸಲ್‌ಗೆ ಮಾಮೂಲಿ ರಕ್ತ ಇಲ್ಲ, ತೆಗೆದ್ಮೇಲೆ ಚೇತರಿಸ್ಕೊಳ್ಳೋಕೆ ಬಲೂನ್ ಪಂಪು (ಹಾರ್ಟ್‌ಗೆ ಆಸರೆಯಾಗಿ ಮಹಾಧಮನಿಯಲ್ಲಿ ಇಡೋ ಬಲೂನು), ಡ್ರಿಪ್ಪಲ್ಲಿ ಸ್ಟ್ರಾಂಗ್ ಔಷಧಿ ಬೇಕಾಗ್ಬಹುದು.

ನಂಗೆ ಇಷ್ಟ ಆಗಿದ್ದು ಜಾಸ್ತಿ ಜನ ಮಾತಾಡ್ದೇ ಇರೋ ಮೂರನೇದು, ಆನ್ ಪಂಪ್ ಬೀಟಿಂಗ್. ಮೆಷಿನ್ ಭಾರ ಹೊರತ್ತೆ ಆದ್ರೆ ಹಾರ್ಟ್ ನಿಲ್ಸಲ್ಲ, ಕ್ಲ್ಯಾಂಪ್ ಹಾಕಲ್ಲ, ಮಸಲ್‌ಗೆ ರಕ್ತ ಹೋಗ್ತಾನೇ ಇರತ್ತೆ, ಎತ್ತಿ ತಿರುಗಿಸಿದ್ರೂ ಮೈಗೆ ರಕ್ತ ಕಮ್ಮಿಯಾಗಲ್ಲ. ಹಂಗಂತ ಫುಲ್ ಮಾರ್ಕ್ಸ್ ಕೊಡಲ್ಲ, ಯಾಕಂದ್ರೆ ಮೆಷಿನ್‌ನಿಂದ ಆಗೋ ಉರಿಯೂತ, ಬ್ಲೀಡಿಂಗ್ ತಪ್ಪಲ್ಲ, ಅಲ್ಲಾಡೋ ಹಾರ್ಟ್ ಮೇಲೇ ಹೊಲೀಬೇಕು, ಇದ್ರ ಪರವಾಗಿರೋ ಸ್ಟಡಿಗಳೂ ಹೆಚ್ಚಿನವು ಹಳೇ ಕೇಸ್ ರೆಕಾರ್ಡ್ ತೆಗೆದು ಮಾಡಿರೋವು.

ಇನ್ನೊಂದು, ಯಾವ ಟೆಕ್ನಿಕ್ ಅಂತ ಜಗಳಾಡ್ತಾ ಆಪರೇಷನ್ನೇ ಮುಂದೂಡೋರು ಸ್ಟಿಚ್ ಟ್ರಯಲ್ ನೋಡ್ಲಿ, ಇಎಫ್ 35 ಇಲ್ಲಾ ಅದಕ್ಕಿಂತ ಕಮ್ಮಿ ಇದ್ದ 1,212 ಜನ, ಹತ್ತು ವರ್ಷಕ್ಕೆ ಸಾವು ಬರೀ ಮಾತ್ರೆಯಲ್ಲಿ 66.1%, ಮಾತ್ರೆ ಜೊತೆ ಬೈಪಾಸ್ ಆದವ್ರಲ್ಲಿ 58.9%. ಸರ್ಜನ್ ಹತ್ರ 'ನಿಮ್ಮ ಕೈ ಪಳಗಿರೋದು ಯಾವ್ದ್ರಲ್ಲಿ ಸರ್, ಮಧ್ಯದಲ್ಲಿ ಬಿಪಿ ಬಿದ್ರೆ ಏನ್ ಮಾಡ್ತೀರಾ' ಅಂತ ಕೇಳಿ, ಉತ್ತರ ತಡಬಡಾಯಿಸಿದ್ರೆ ಇನ್ನೊಬ್ರ ಅಭಿಪ್ರಾಯ ತಗೊಳ್ಳಿ.