ಪರ್ಲ್ ಹಾರ್ಬರ್: ಮೂರು ಪುಸ್ತಕ, ಒಂದೇ ಬೆಳಗ್ಗೆ

1941ರ ಡಿಸೆಂಬರ್ 7, ಭಾನುವಾರ ಬೆಳಗ್ಗೆ 7:02. ಹವಾಯಿಯ ಒಪಾನಾದಲ್ಲಿ ಇಬ್ಬರು ಸೈನಿಕರು ರಾಡಾರ್ ಮುಂದಿದ್ದಾರೆ. ಪಾಳಿ ಏಳಕ್ಕೇ ಮುಗಿದಿದೆ. ತಿಂಡಿಗೆ ಕರೆದೊಯ್ಯುವ ಗಾಡಿ ಬಂದಿಲ್ಲ, ಹಾಗಾಗಿ ಯಂತ್ರ ಆರಿಸಿಲ್ಲ. ಪರದೆ ಮೇಲೆ ಎಷ್ಟು ದೊಡ್ಡ ಗುರುತು ಮೂಡಿತೆಂದರೆ ಯಂತ್ರವೇ ಕೆಟ್ಟಿತೇನೋ ಅನ್ನಿಸಿತು. ಫೋನ್ ಮಾಡಿದರು. ಕ್ಯಾಲಿಫೋರ್ನಿಯಾದಿಂದ ಬರಬೇಕಿದ್ದ ತಮ್ಮದೇ ಬಿ-17 ಬಾಂಬರ್ ವಿಮಾನಗಳಿರಬೇಕು ಅಂದುಕೊಂಡ ಅಧಿಕಾರಿ, ತಲೆ ಕೆಡಿಸಿಕೊಳ್ಳಬೇಡಿ ಎಂದರು. ಒಂದು ಗಂಟೆಯೊಳಗೆ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿತ್ತು.

ಇದೇ ಬೆಳಗ್ಗೆಯನ್ನು ಮೂರು ಪುಸ್ತಕಗಳಲ್ಲಿ ಓದಿದೆ. ವಾಲ್ಟರ್ ಲಾರ್ಡ್ ಅವರ ‘ಡೇ ಆಫ್ ಇನ್‌ಫಮಿ’ (1957) ಎರಡೇ ರಾತ್ರಿಯಲ್ಲಿ ಮುಗಿಯಿತು. ನೆವಾಡಾ ಹಡಗಿನ ಬ್ಯಾಂಡ್‌ನವರು ರಾಷ್ಟ್ರಗೀತೆ ನುಡಿಸುವಾಗಲೇ ಗುಂಡು ಹಾರುತ್ತದೆ. ಅವರು ಗೀತೆ ಮುಗಿಸಿಯೇ ಓಡುತ್ತಾರೆ. ಅಲ್ಲಿ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆದರೆ ಹೀಗೇಕಾಯಿತು ಅನ್ನೋದಕ್ಕೆ ಇಲ್ಲಿ ಜಾಗ ಕಡಿಮೆ.

ಗಾರ್ಡನ್ ಪ್ರಾಂಗ್ ತೀರಿಕೊಂಡ ಮೇಲೆ, 1981ರಲ್ಲಿ ಬಂದ ‘ಅಟ್ ಡಾನ್ ವಿ ಸ್ಲೆಪ್ಟ್’ ದಪ್ಪ ಪುಸ್ತಕ. ನನಗೆ ಎರಡು ತಿಂಗಳು ಹಿಡಿಯಿತು. ಜಪಾನಿ ಅಧಿಕಾರಿಗಳನ್ನೇ ಮಾತಾಡಿಸಿ ಬರೆದದ್ದು. ಬಂದರಿನ ಆಳ ಸುಮಾರು 40 ಅಡಿ. ವಿಮಾನದಿಂದ ಬಿಟ್ಟ ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಬಡಿಯುವ ಸ್ಫೋಟಕ) ಅಷ್ಟು ಕಡಿಮೆ ಆಳದಲ್ಲಿ ಕೆಸರಿಗೆ ಹೂತುಹೋಗಬೇಕು. ಅದಕ್ಕೆ ಮರದ ರೆಕ್ಕೆ ಜೋಡಿಸಿ, ಕಗೋಶಿಮಾ ಕೊಲ್ಲಿಯಲ್ಲಿ ಅಭ್ಯಾಸ ಮಾಡಿದರು. ಆದರೆ ವಿಮಾನ ದಾಳಿಯ ಮುಂದಾಳು ಫುಚಿಡಾ ಹೇಳಿದ್ದನ್ನು ಇಲ್ಲಿ ಜಾಸ್ತಿ ನಂಬಲಾಗಿದೆ. ಇನ್ನೊಂದು ದಾಳಿಗೆ ತಾನು ಪಟ್ಟು ಹಿಡಿದೆ ಎಂಬ ಅವರ ಮಾತನ್ನು ನಂತರದ ಹಲವು ಇತಿಹಾಸಕಾರರು ಒಪ್ಪುವುದಿಲ್ಲ.

ನನ್ನ ಆಯ್ಕೆ ರಾಬರ್ಟಾ ವೋಲ್‌ಸ್ಟೆಟರ್ ಅವರ ‘ಪರ್ಲ್ ಹಾರ್ಬರ್: ವಾರ್ನಿಂಗ್ ಆಂಡ್ ಡಿಸಿಷನ್’ (1962). ಓದೋದು ಕಷ್ಟ, ನಿಜ. ಲಾರ್ಡ್ ಆದ ಮೇಲೆ ಹಿಡಿದರೆ ದಾರಿ ಸಲೀಸು. ಸುಳಿವುಗಳಿಗೆ ಬರವಿರಲಿಲ್ಲ, ಗದ್ದಲದಲ್ಲಿ ಅವು ಕೇಳಿಸಲಿಲ್ಲ ಅನ್ನೋದು ಅವರ ವಾದ. ನವೆಂಬರ್ 27ರಂದು ನೌಕಾಪಡೆಗೆ ಬಂದ ಯುದ್ಧದ ಎಚ್ಚರಿಕೆಯಲ್ಲಿ ಫಿಲಿಪ್ಪೀನ್ಸ್, ಬೋರ್ನಿಯೊ ಹೆಸರಿದ್ದವು, ಹವಾಯಿ ಇರಲಿಲ್ಲ. ಹವಾಯಿಯಲ್ಲಿ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಶಾರ್ಟ್‌ಗೆ ಒಳಗಿನ ವಿಧ್ವಂಸಕರದೇ ಭಯ. ಕಾವಲಿಗೆ ಸುಲಭವಾಗಲೆಂದು ವಿಮಾನಗಳನ್ನು ಒತ್ತೊತ್ತಾಗಿ ನಿಲ್ಲಿಸಿದ್ದರು. ಮೇಲಿನಿಂದ ಬಂದವರಿಗೆ ಅದೇ ಅನುಕೂಲವಾಯಿತು.

ಲಾರ್ಡ್ ಓದಿದಾಗ ಆ ಫೋನ್ ಎತ್ತಿದ ಅಧಿಕಾರಿ ಮೇಲೆ ನನಗೆ ತುಂಬ ಸಿಟ್ಟು ಬಂದಿತ್ತು. ಇದನ್ನು ಓದಿದ ಮೇಲೆ ಅದು ಇಳಿಯಿತು. ಬಿ-17ಗಳು ನಿಜಕ್ಕೂ ಬರುತ್ತಿದ್ದವು ಅಲ್ವಾ? ದಾಳಿಯ ನಡುವೆಯೇ ಬಂದು ಇಳಿದವು.