ಮೊಲದ ಗೂಡಿಗೆ ಭತ್ತದ ಹುಲ್ಲಿನ ಪೆಂಡಿ ತರುವ ಮುಂಚೆ ಇದನ್ನು ಓದಿ

ಮೇ ಕೊನೆಗೆ ದಾವಣಗೆರೆಯ ಒಂದು ಮನೆಗೆ ಬಂದ ಪೆಂಡಿ ಅದು. ಭದ್ರಾ ನಾಲೆ ಬಯಲಿನ ಬೇಸಿಗೆ ಭತ್ತದ ಹುಲ್ಲು, ಮಷಿನ್ ಸುತ್ತಿದ್ದು. ಹೊರಗೆ ಬಂಗಾರದ ಬಣ್ಣ. ದಾರ ಕತ್ತರಿಸಿ ನಾಲ್ಕು ಸುತ್ತು ಬಿಚ್ಚಿ ಒಳಗೆ ಕೈ ಹಾಕಿದರೆ ಬೆಚ್ಚಗೆ, ಮುಗ್ಗಲು ವಾಸನೆ. ಎಳೆ ಜಾಡಿಸಿದರೆ ಬೂದಿಯಂಥ ಧೂಳು. ‘ಬಿಸಿಲಿಗೆ ಹಾಕಿದರೆ ಸರಿಹೋಗುತ್ತೆ’ ಅಂತ ಅರ್ಧ ದಿನ ಮಾಳಿಗೆ ಮೇಲೆ ಹರವಿ, ಎರಡು ಮೊಲಗಳ ಗೂಡಿಗೆ ಹಾಕಿದ್ದಾಯಿತು. ಮೂರನೇ ದಿನಕ್ಕೆ ಹಿಕ್ಕೆ ಸಣ್ಣದಾಯಿತು, ನಾಲ್ಕನೇ ದಿನ ನಿಂತೇಹೋಯಿತು. ಒಂದು ಮೊಲ ಉಳಿಯಿತು, ಇನ್ನೊಂದು ಉಳಿಯಲಿಲ್ಲ. ಮಾರಿದವರ ಹೆಸರು ಇಲ್ಲಿ ಬೇಡ. ಅವರು ದನದ ಮೇವು ಅಂತಲೇ ಮಾರಿದ್ದರು.

ಎಡವಟ್ಟು ಶುರುವಾಗುವುದು ಮಾತಿನಲ್ಲೇ. ಮೊಲಕ್ಕೆ, ಗಿನಿ ಪಿಗ್‌ಗೆ ‘ಹೇ’ ಕೊಡಿ ಅಂತ ವಿಡಿಯೋದಲ್ಲಿ ಹೇಳುತ್ತಾರೆ, ನಾವು ಅದನ್ನು ಒಣಹುಲ್ಲು ಅಂದುಕೊಳ್ಳುತ್ತೇವೆ. ನಮ್ಮ ಕಡೆ ಒಣಹುಲ್ಲು ಅಂದರೆ ಕಾಳು ಬಿಡಿಸಿಕೊಂಡ ಮೇಲೆ ಉಳಿದ ಭತ್ತದ ಹುಲ್ಲು, ರಾಗಿ ಹುಲ್ಲು. ಅವರು ಹೇಳುವುದು ತೆನೆ ಕಟ್ಟುವ ಮುಂಚೆಯೇ ಹಸಿರಾಗಿ ಕೊಯ್ದು ಒಣಗಿಸಿದ ಹುಲ್ಲು. ಭತ್ತದ ಹುಲ್ಲಿನ ಸತ್ವವೆಲ್ಲ ಕಾಳಿಗೆ ಹೋಗಿರುತ್ತೆ. ಉಳಿದದ್ದು ಒರಟು ನಾರು, ಜೊತೆಗೆ ಸಿಲಿಕಾ. ಹೊಟ್ಟೆಯಲ್ಲಿ ನಾಲ್ಕು ಕೋಣೆ ಇರುವ ಎಮ್ಮೆ ಮೆಲುಕು ಹಾಕಿ ಅದನ್ನು ಅರಗಿಸಿಕೊಳ್ಳುತ್ತೆ, ಮೊಲಕ್ಕೆ ಆಗುವುದಿಲ್ಲ. ಸಾಲದ್ದಕ್ಕೆ ಕಟಾವಿನ ಹತ್ತಿರ ಕಂದು ಜಿಗಿಹುಳಕ್ಕೆ ಹೊಡೆದ ಔಷಧಿ ಬುಡದ ಎಳೆಗಳಲ್ಲೇ ಉಳಿದಿರಬಹುದು.

ಪೆಂಡಿ ಒಳಗೇ ಯಾಕೆ ಕೆಡುತ್ತೆ? ಕಟಾವು ಮಷಿನ್ ಗದ್ದೆಯಲ್ಲೇ ಹುಲ್ಲು ಚೆಲ್ಲಿ ಹೋಗುತ್ತೆ. ಬೇಸಿಗೆ ಬೆಳೆಯ ಕಟಾವಿನ ಹೊತ್ತಿಗೆ ಮುಂಗಾರುಪೂರ್ವ ಮಳೆ ಶುರುವಾಗಿರುತ್ತೆ. ಮೇಲೆ ಒಣಗಿ ತಳದಲ್ಲಿ ಹಸಿ ಇರುವಾಗಲೇ ಸುತ್ತಿಬಿಟ್ಟರೆ ಬೂಷ್ಟು ಒಳಗೇ ಬೆಳೆಯುತ್ತೆ, ಅದರ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ದೊಡ್ಡ ಬಣವೆಯಾದರೆ ಇದೇ ಬಿಸಿ ಬೆಂಕಿಯವರೆಗೂ ಹೋಗುತ್ತೆ. ಬಿಸಿಲಿಗೆ ಹಾಕಿದರೆ ನೀರು ಆರುತ್ತೆ, ಬೂಷ್ಟಿನ ಕಣವೂ ವಿಷವೂ ಹಾಗೇ ಉಳಿಯುತ್ತವೆ. ಆ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟದೆ ಜಾಡಿಸಬೇಡಿ.

ಕೊಳ್ಳುವಾಗ ಮೇಲಿನ ಎಳೆ ನೋಡಿದರೆ ಸಾಲದು. ಕಬ್ಬಿಣದ ಸರಳನ್ನು ಪೆಂಡಿಯ ನಡುವಿಗೆ ಚುಚ್ಚಿ, ಕಾಲು ಗಂಟೆ ಬಿಟ್ಟು ಎಳೆದು ಮುಟ್ಟಿ. ಬೆಚ್ಚಗಿದ್ದರೆ ಬಿಟ್ಟು ಬನ್ನಿ. ಇನ್ನೂ ಖಚಿತ ಬೇಕಾದರೆ ನಡುವಿನ ಒಂದು ಹಿಡಿ ಹುಲ್ಲನ್ನು ಸಣ್ಣಗೆ ಕತ್ತರಿಸಿ, ಒಣ ಪುಡಿ ಉಪ್ಪು ಒಂದು ಚಮಚ ಸೇರಿಸಿ ಗಾಜಿನ ಬಾಟಲಿಯಲ್ಲಿ ಎರಡು ಮೂರು ನಿಮಿಷ ಕುಲುಕಿ. ಉಪ್ಪು ಉದುರುದುರಾಗಿದ್ದರೆ ತೇವ 15%ಕ್ಕಿಂತ ಕಡಿಮೆ, ಗಂಟು ಕಟ್ಟಿದರೆ ಹಸಿ.

ಚೊಕ್ಕ ಭತ್ತದ ಹುಲ್ಲನ್ನು ಗೂಡಿನ ಹಾಸಿಗೆಗೆ ಧಾರಾಳವಾಗಿ ಬಳಸಿ, ಒದ್ದೆಯಾದದ್ದನ್ನು ದಿನಾ ತೆಗೆಯಿರಿ. ಭತ್ತದ ಹೊಟ್ಟು ಮಾತ್ರ ಬೇಡ, ಅದರ ಚೂಪು ತುದಿ ಕಣ್ಣಿಗೆ ಚುಚ್ಚುತ್ತೆ.

ತಿನ್ನಲು ಏನು? ಮೊಲದ ಹಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತೆ, ಕರುಳು ನಾರಿನಿಂದಲೇ ನಡೆಯುತ್ತೆ. ಹಾಗಾಗಿ ಹಸಿರಾಗಿ ಕೊಯ್ದು ಒಣಗಿಸಿದ ಹುಲ್ಲು ದಿನಕ್ಕೆ ಅದರ ಮೈಗಾತ್ರದಷ್ಟು ರಾಶಿ ಮುಂದಿರಬೇಕು. ನಮ್ಮೂರಲ್ಲಿ ಮಂಡಕ್ಕಿ ಹಾಕುವ ಚಾಳಿ ಒಂದಿದೆ. ತಿನ್ನುತ್ತೆ, ನಿಜ, ಮಕ್ಕಳಿಗೂ ನೋಡಲು ಚಂದ. ಆದರೆ ಹಿಟ್ಟಿನ ಅಂಶ ಕರುಳಲ್ಲಿ ಹುಳಿತು ಗ್ಯಾಸ್ ಆಗುತ್ತೆ, ಹೊಟ್ಟೆ ತುಂಬಿ ಮೊಲ ಹುಲ್ಲು ತಿನ್ನುವುದನ್ನೇ ಬಿಡುತ್ತೆ. ಕುದುರೆ ಮೆಂತ್ಯ (ಲೂಸರ್ನ್ ಮೇವು) ಮರಿಗಳಿಗೆ ಸರಿ. ಆರು ತಿಂಗಳು ದಾಟಿದವಕ್ಕೆ ಅದರ ಕ್ಯಾಲ್ಸಿಯಂ ಜಾಸ್ತಿಯಾಗಿ ಮೂತ್ರ ಸುಣ್ಣದ ನೀರಿನಂತೆ ಗಟ್ಟಿಯಾಗುತ್ತೆ. ಚಳ್ಳಕೆರೆ, ಹಿರಿಯೂರು ಕಡೆಯವರು ಕೇಳುವ ಶೇಂಗಾ ಬಳ್ಳಿಗೂ ಇದೇ ಮಾತು. ಕಿತ್ತ ಮೇಲೆ ಮಳೆಗೆ ಸಿಕ್ಕ ಬಳ್ಳಿಯಾದರೆ ಬೂಷ್ಟು, ಉಳಿದ ಜೊಳ್ಳುಕಾಯಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಬೇರೆ.

ಗರಿಕೆ ಒಣಗಿಸಿಕೊಳ್ಳುವುದೇ ಸುಲಭ. ತೆನೆ ಬರುವ ಮುಂಚೆ, ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ರಸ್ತೆ ಬದಿಯದು ಬೇಡ, ಕಳೆನಾಶಕ ಹೊಡೆದ ಗದ್ದೆ ಬದುವಿನದಂತೂ ಬೇಡವೇ ಬೇಡ. ಎರಡು ಇಂಚಿಗಿಂತ ದಪ್ಪ ಹರವಬೇಡಿ. ಮೊದಲ ದಿನ ಎರಡು ಮೂರು ಗಂಟೆ ಬಿಸಿಲು, ಆಮೇಲೆ ಗಾಳಿಯಾಡುವ ನೆರಳಲ್ಲಿ ಎರಡು ಮೂರು ದಿನ, ದಿನಕ್ಕೆರಡು ಸಲ ತಿರುವಿ. ಪೂರ್ತಿ ಬಿಸಿಲಲ್ಲೇ ಬಿಟ್ಟರೆ ಬಣ್ಣವೂ ಪರಿಮಳವೂ ಹೋಗಿ ಮೊಲ ಮೂಸಿ ಸುಮ್ಮನಾಗುತ್ತೆ. ಗೆಣ್ಣಿನ ಹತ್ತಿರ ಬಗ್ಗಿಸಿದರೆ ಲಟ್ಟನೆ ಮುರಿಯಬೇಕು. ನಾಲ್ಕು ಕೆಜಿ ಹಸಿಗೆ ಹೆಚ್ಚುಕಮ್ಮಿ ಒಂದು ಕೆಜಿ ಉಳಿಯುತ್ತೆ. ಗೋಣಿಚೀಲದಲ್ಲಿ, ನೆಲಕ್ಕೆ ತಾಗದಂತೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತೆ.

ಹಿಕ್ಕೆಯನ್ನು ದಿನಾ ನೋಡಿ. ಕಡಲೆಕಾಳಿನಂತೆ ದುಂಡಗೆ, ಒಂದೇ ಗಾತ್ರದಲ್ಲಿದ್ದರೆ ಸರಿ. ಸಣ್ಣಗಾದರೆ, ಕೂದಲಲ್ಲಿ ಪೋಣಿಸಿದಂತೆ ಬಂದರೆ ಹುಲ್ಲು ಸಾಲುತ್ತಿಲ್ಲ. ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಮುದುಡಿ ಕೂತರೆ ಬೆಳಗಾಗಲಿ ಅಂತ ಕಾಯಬೇಡಿ, ಪಶುವೈದ್ಯರಲ್ಲಿಗೆ ಒಯ್ಯಿರಿ. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಮಾತ್ರೆ ಅರೆದು ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಹೋಗುತ್ತೆ.

ಕೆಟ್ಟ ಪೆಂಡಿಯನ್ನು ಗಿಡಗಳಿಗೆ ಹಾಕಬಹುದು. ನೀರು ಚಿಮುಕಿಸಿ ಧೂಳು ಅಡಗಿಸಿ, ಮಣ್ಣಿಗೆ ಮೊದಲು ನೀರು ಹಾಯಿಸಿ, ಆಮೇಲೆ ಎರಡು ಮೂರು ಇಂಚು ಹೊದಿಸಿ. ಒಣ ಮಣ್ಣಿನ ಮೇಲೆ ಹಾಕಿದರೆ ಚೊಂಬಿನ ನೀರನ್ನೆಲ್ಲ ಹುಲ್ಲೇ ಕುಡಿಯುತ್ತೆ. ಕಾಂಡದಿಂದ ಮೂರು ಬೆರಳು ದೂರವಿರಲಿ. ಚಿತ್ರದುರ್ಗದ ಕೆಂಪು ಮಣ್ಣಿನಲ್ಲಿ ಗೆದ್ದಲು ಹುಲ್ಲಿನಡಿಯಿಂದಲೇ ಗಿಡಕ್ಕೆ ಹತ್ತುತ್ತೆ, ವಾರಕ್ಕೊಮ್ಮೆ ಎತ್ತಿ ನೋಡಿ. ಮಣ್ಣಿನೊಳಗೆ ಕಲಸಬೇಡಿ. ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಎಳೆದುಕೊಂಡು ಮೆಣಸಿನ ಗಿಡ ಹಳದಿಯಾಗುತ್ತೆ. ಕಲಸಿಯೇಬಿಟ್ಟಿದ್ದರೆ ಶೇಂಗಾ ಹಿಂಡಿ ನೆನೆಸಿದ ನೀರು ಕೊಡಿ.

ಪೆಂಡಿಯ ನೈಲಾನ್ ದಾರವನ್ನು ತುಂಡು ತುಂಡು ಮಾಡಬೇಡಿ. ಒಂದೇ ಕಡೆ ಕತ್ತರಿಸಿ, ಇಡೀ ಉದ್ದ ಎಳೆದು ಸುತ್ತಿಡಿ. ಬೆರಳುದ್ದದ ಚೂರು ಗೂಡಲ್ಲಿ ಉಳಿದರೂ ಮೊಲ ಅದನ್ನು ಹುಲ್ಲಿನ ಜೊತೆ ನುಂಗುತ್ತೆ, ನುಂಗಿದ್ದನ್ನು ವಾಂತಿ ಮಾಡಲು ಅದಕ್ಕೆ ಬರುವುದಿಲ್ಲ.